ರಿಟೈರಿಗೆ ಹದಿನಾಲ್ಕು ತಿಂಗಳ ಮುಂಚೆ

"ಬಾ, ಬಾ, ಬಾ... ಇನ್ನೂ ಬಾ... ಹಾಂ, ಸಾಕ್!" ಕಂಡಕ್ಟರ್ ಅಂಗೈಯಿಂದ ಗೋಡೆಗೆ ಎರಡು ಸಲ ತಟ್ಟಿದ. ನಾಲ್ಕು ಜನ ಓರೆಯಾಗಿ ಹಿಡಿದಿದ್ದ ಉದ್ದನೆಯ ಬೆಂಚು ಬಾಗಿಲ ಚೌಕಟ್ಟನ್ನು ತರಚಿಕೊಂಡು ಒಳಗೆ ಬಂತು.

"ಏನಣ್ಣಾ, ಬೆಂಚಿಗೂ ರಿವರ್ಸ್ ಹೇಳ್ತೀಯಲ್ಲ," ಎಂದು ನಕ್ಕ ಡಿಪೋದ ಮೆಕ್ಯಾನಿಕ್, ಇದು ಸಾವಿನ ಮನೆ ಎಂದು ನೆನಪಾಗಿ ಬಾಯಿ ಒರೆಸಿಕೊಂಡ.

ಬೆಂಚಿನ ಮೇಲೆ ಡ್ರೈವರನನ್ನು ಮಲಗಿಸಿದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ. ಅದರಲ್ಲಿ ಹದಿನೆಂಟು ವರ್ಷ ಒಂದೇ ರೂಟು, ಒಬ್ಬನೇ ಕಂಡಕ್ಟರು. ರಿಟೈರಾಗಿ ಆರು ವರ್ಷವಾಗಿತ್ತು. ಕೊನೆಯ ಎರಡು ವರ್ಷ ಸ್ವಂತ ಮಗಳನ್ನೇ "ನೀವು ಎಲ್ಲಿ ಇಳೀಬೇಕಮ್ಮಾ?" ಎಂದು ಕೇಳುತ್ತಿದ್ದ. ಅವಳೂ ಒಂದೊಂದು ದಿನ ಒಂದೊಂದು ಸ್ಟಾಪಿನ ಹೆಸರು ಹೇಳುತ್ತಿದ್ದಳು.

ಆ ಮಗಳು ಈಗ ಅಪ್ಪನ ಕಾಲ ಬಳಿ ಕುಸಿದು ಕೂತಿದ್ದಳು. ಹೆಂಡತಿ ಮಾತ್ರ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಬೆಳಗ್ಗೆಯಿಂದ ಹೆಣದ ಹತ್ತಿರ ಸುಳಿದಿರಲಿಲ್ಲ.

"ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡು," ಅಂದಳು ಡ್ರೈವರನ ಅಕ್ಕ, ಪಕ್ಕದವಳಿಗೆ ಹೇಳಿದಂತೆ ಮಾಡಿ ಮನೆಗೆಲ್ಲ ಕೇಳಿಸುವ ಹಾಗೆ.

"ಆಕೆ ಸೇವೆ ಮಾಡ್ಲಿಲ್ವಾ ಪಾಪ? ತೊಳ್ದಿದ್ದಾಳೆ, ಉಣಿಸಿದ್ದಾಳೆ."

"ಮಾಡಿದ್ಳಮ್ಮಾ. ನರ್ಸೂ ಮಾಡ್ತಾಳೆ."

ಅಷ್ಟರಲ್ಲಿ ಹಳೆಯ ಡಿಪೋ ಮ್ಯಾನೇಜರ್ ಹೂವಿನ ಹಾರ ಹಿಡಿದು ಬಂದರು. ಹಾರ ಹಾಕಿ, ಕಂಡಕ್ಟರನ ಭುಜ ಹಿಡಿದರು. "ಲೋ ರೇಡಿಯೋ! ನಿನ್ನ ಜೋಡಿ ಹೋದ್ನಲ್ಲಪ್ಪ." ಕೂತಿದ್ದವರ ಕಡೆ ತಿರುಗಿದರು. "ಇವರಿಬ್ಬರ ಬಸ್ಸು ಅಂದ್ರೆ ಜನ ಕಾದು ಹತ್ತೋರು. ಮುಂದಿನ ಸ್ಟಾಪು ಯಾವುದು, ಬಸ್ಸು ಎಡಕ್ಕೆ ತಿರುಗುತ್ತೋ ಬಲಕ್ಕೆ ತಿರುಗುತ್ತೋ, ಎಲ್ಲಾ ಇವನು ಕೂಗಿ ಹೇಳೋನು. ಕಣ್ಣು ಕಾಣದೋರಿಗೆ ಎಷ್ಟು ಅನುಕೂಲ! ಉತ್ತಮ ಸೇವೆ ಅಂತ ಗೋಡೆ ಗಡಿಯಾರ ಕೊಟ್ಟಿದ್ದು ನಾನೇ."

"ಹೌದು ಸಾರ್," ಎಂದ ಕಂಡಕ್ಟರ್.

*

ಏಳು ವರ್ಷದ ಹಿಂದೆ, ಬೆಳಗಿನ ಎರಡನೇ ಟ್ರಿಪ್ಪು. ಮಾರುಕಟ್ಟೆ ದಾಟಿ ಸರ್ಕಲ್ಲಿಗೆ ಬಂದಾಗ ಬಸ್ಸು ಸ್ಟಾಪಿಲ್ಲದ ಕಡೆ ನಿಂತುಬಿಟ್ಟಿತು. ಕಂಡಕ್ಟರ್ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಏನಾಯ್ತೋ?"

"ಎಡಕ್ಕಾ, ಬಲಕ್ಕಾ?" ಎಂದ ಡ್ರೈವರ್.

"ನಿನ್ನ ಮಾವನ ಮನೆ ಕಡೆ ತಿರುಗಿಸು, ಊಟ ಮುಗಿಸ್ಕೊಂಡೇ ಬರೋಣ."

ಡ್ರೈವರ್ ನಗಲಿಲ್ಲ. ಹಿಂದೆ ಹಾರ್ನುಗಳು ಶುರುವಾದವು. ಕಂಡಕ್ಟರ್ ಬಗ್ಗಿ, ಅವನ ಕಿವಿಗಷ್ಟೇ ಕೇಳುವ ಹಾಗೆ, "ಎಡಕ್ಕೆ," ಎಂದ.

ಅಂದು ಡ್ಯೂಟಿ ಮುಗಿದ ಮೇಲೆ ಖಾಲಿ ಬಸ್ಸಿನಲ್ಲಿ ಡ್ರೈವರ್ ಅವನ ಕೈ ಹಿಡಿದುಕೊಂಡ. "ವಯಸ್ಸಾಯ್ತು ಕಣೋ, ಅಷ್ಟೇ. ರಿಟೈರಿಗೆ ಇನ್ನು ಹದಿನಾಲ್ಕು ತಿಂಗಳು. ಡಿಪೋದಲ್ಲಿ ಬಾಯಿ ಬಿಡಬೇಡ. ಮನೇಲಂತೂ ಬೇಡವೇ ಬೇಡ, ಅವಳು ಎದೆ ಒಡ್ಕೊಂಡು ಸಾಯ್ತಾಳೆ."

ಮಾರನೆಯ ದಿನದಿಂದ ಕಂಡಕ್ಟರ್ ಕೂಗಲು ಶುರುಮಾಡಿದ. "ಮುಂದೆ ಎಡಕ್ಕೆ, ಹಳೇ ಪೋಸ್ಟಾಫೀಸು! ನೇರ ಹೋದ್ರೆ ಸ್ಕೂಲು, ನಿಧಾನ, ಮಕ್ಕಳಿದ್ದಾರೆ!" ಪ್ರಯಾಣಿಕರು ತಮಗೇ ಹೇಳುತ್ತಿದ್ದಾನೆ ಎಂದುಕೊಂಡು ಅವನಿಗೆ ರೇಡಿಯೋ ಎಂದು ಹೆಸರಿಟ್ಟರು. ಗೇರು, ಬ್ರೇಕು ಡ್ರೈವರನ ಕೈಕಾಲಿಗೆ ಮರೆತುಹೋಗಿರಲಿಲ್ಲ. ದಾರಿ ಮಾತ್ರ ತಲೆಯಿಂದ ಒಂದೊಂದೇ ತಿರುವಾಗಿ ಉದುರುತ್ತಿತ್ತು. ಬಸ್ಸಿನಲ್ಲಿ ಐವತ್ತು ಜೀವ ಇದೆ ಎಂದು ಕಂಡಕ್ಟರನಿಗೆ ಗೊತ್ತಿತ್ತು. ಟಿಕೆಟ್ ಹರಿದು ಕೊಟ್ಟವನು ಅವನೇ. ಆದರೂ ಹದಿನಾಲ್ಕು ತಿಂಗಳು ಕೂಗಿದ.

*

ರಿಟೈರಾದ ಎರಡನೇ ವರ್ಷ ಡ್ರೈವರ್ ತನ್ನ ಮನೆಯ ಮುಂದೆಯೇ ನಿಂತು ಮನೆ ಹುಡುಕಿದ. ಆಗ ಮಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಂಡಕ್ಟರನೂ ಜೊತೆಗಿದ್ದ. ಡಾಕ್ಟರಮ್ಮ ಗಡಿಯಾರದ ಚಿತ್ರ ಬರೆಸಿದರು. ಹನ್ನೆರಡು ಅಂಕಿಯೂ ಒಂದೇ ಮಗ್ಗುಲಿಗೆ ಜಾರಿ ಬಿದ್ದಿದ್ದವು.

"ಮರೆವಿನ ಕಾಯಿಲೆ ಇರಬಹುದು. ಬೇರೆ ಕಾರಣ ಏನಾದ್ರೂ ಇದೆಯಾ ಅಂತ ರಕ್ತ ಪರೀಕ್ಷೆ, ಸ್ಕ್ಯಾನು ಮಾಡಿಸೋಣ. ಇದು ಯಾವಾಗ ಶುರುವಾಯ್ತು?"

"ರಿಟೈರ್ ಆದ್ಮೇಲೆ," ಅಂದಳು ಮಗಳು. "ಅಲ್ವಾ ಚಿಕ್ಕಪ್ಪಾ?"

ಕಂಡಕ್ಟರ್ ತನ್ನ ಚಪ್ಪಲಿ ನೋಡುತ್ತ ತಲೆಯಾಡಿಸಿದ.

ಪರೀಕ್ಷೆಗಳೆಲ್ಲ ಮುಗಿದು ಕಾಯಿಲೆ ಅದೇ ಎಂದು ಖಚಿತವಾದಾಗ, "ಇನ್ನೂ ಮುಂಚೆ ಬಂದಿದ್ರೆ ವಾಸಿ ಮಾಡ್ತಿದ್ದೆ ಅಂತ ಹೇಳಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಇವರ ಜೊತೆ ಹೇಗಿರಬೇಕು ಅಂತ ಮನೆಯವರಿಗೆ ಹೇಳ್ತಿದ್ದೆ."

*

ಕಂಡಕ್ಟರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಅತ್ತಿಗೆ, ಗಾಡಿ ಬರೋ ಹೊತ್ತಾಯ್ತು. ಒಂದು ಸಲ ಬಂದು ನೋಡಿ."

ಅವಳು ನಲ್ಲಿ ನಿಲ್ಲಿಸಿದಳು. "ಕಂಡಕ್ಟ್ರೇ, ಒಂದು ಕೇಳ್ತೀನಿ, ನಿಜ ಹೇಳಿ. ರಿಟೈರಿಗೆ ಮುಂಚೆ, ಆ ಕೊನೇ ವರ್ಷ, ಅವರಿಗೆ ಬೇರೆ ಯಾರಾದ್ರೂ ಇದ್ರಾ?"

"ಏನು ಮಾತಂತ ಆಡ್ತೀರಿ ಅತ್ತಿಗೆ!"

"ಮತ್ತೆ ನಾನ್ಯಾಕೆ ಬೇಡವಾದೆ? ಕಾಯಿಲೆ ಬಂದ್ಮೇಲೆ ಮರೆತ್ರು, ಅದು ಬೇರೆ. ಅದಕ್ಕೂ ಮುಂಚೇನೇ ನನ್ನ ಕಂಡ್ರೆ ಉರಿದು ಬೀಳೋರು. ಏನು ಕೇಳಿದ್ರೂ ಸಿಟ್ಟು. ನನ್ನ ಕಣ್ಣಿನ ಆಪರೇಷನ್ ದಿನ ಕರ್ಕೊಂಡು ಹೋಗೋಕೆ ಬರ್ತೀನಿ ಅಂದೋರು ಬರ್ಲಿಲ್ಲ. ಪಟ್ಟಿ ಕಟ್ಕೊಂಡು ಆಸ್ಪತ್ರೆ ಮೆಟ್ಲ ಮೇಲೆ ಮೂರು ಗಂಟೆ ಕೂತಿದ್ದೆ. ಸಂಜೆ ಕೇಳಿದ್ರೆ, 'ನಿಂದೊಂದು ದೊಡ್ಡ ಕಣ್ಣು' ಅಂತ ಕೂಗಿದ್ರು. ಅವತ್ತೇ ಹಾಸಿಗೆ ಬೇರೆ ಮಾಡಿದೆ. ಮತ್ತೆ ಒಂದು ಮಾಡ್ಲೇ ಇಲ್ಲ."

ಕಂಡಕ್ಟರ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಇವತ್ತು ಬಾಯಿ ಮುಚ್ಚಿಕೊಂಡರೆ ಯಾರೂ ಕೇಳುವವರಿರಲಿಲ್ಲ. ತಿಳಿದಿದ್ದ ಇನ್ನೊಬ್ಬ ಬೆಂಚಿನ ಮೇಲೆ ಮಲಗಿದ್ದ.

"ಅವನು ಬಂದಿದ್ದ ಅತ್ತಿಗೆ."

"ಎಲ್ಲಿಗೆ?"

"ಆಸ್ಪತ್ರೆ ಹುಡುಕ್ಕೊಂಡು. ನಮ್ಮ ರೂಟಲ್ಲೇ ಇರೋ ಆಸ್ಪತ್ರೆ. ಹೆಸರು ಅಂಗೈ ಮೇಲೆ ಬರ್ಕೊಂಡಿದ್ದ, ಬೆವರಿಗೆ ಅಳಿಸಿಹೋಗಿತ್ತು. ಬೀದಿ ಬೀದಿ ಅಲೆದು ಒಂದು ಕಟ್ಟೆ ಮೇಲೆ ಕೂತು ಅಳ್ತಿದ್ದ. ನಾನೇ ಸಂಜೆ ಮನೆಗೆ ತಂದು ಬಿಟ್ಟೆ. ಮರೆವು ಅದಕ್ಕೂ ಮುಂಚೇನೇ ಶುರುವಾಗಿತ್ತು ಅತ್ತಿಗೆ. ಹದಿನಾಲ್ಕು ತಿಂಗಳು ನಾನೇ ಹಿಂದಿನಿಂದ ದಾರಿ ಕೂಗಿದೆ. ನನಗೆ ಗೊತ್ತಿತ್ತು."

ಅವಳು ಒದ್ದೆ ಲೋಟ ಹಿಡಿದು ಹಾಗೇ ನಿಂತಿದ್ದಳು.

"ಆ ಸಿಟ್ಟೂ ನಂದೇ," ಎಂದ ಅವನು. "ಯಾರಾದ್ರೂ ಏನಾದ್ರೂ ಕೇಳಿದಾಗ ನೆನಪಾಗದಿದ್ರೆ ಮೊದಲು ನೀನೇ ಕೂಗಾಡು, ಆಮೇಲೆ ಯಾರೂ ಕೇಳಲ್ಲ ಅಂತ ಹೇಳ್ಕೊಟ್ಟಿದ್ದೆ. ಬಸ್ಸಲ್ಲಿ ನಾವು ಮಾಡೋದು ಅದನ್ನೇ. ಮನೇಲಿ ನಿಮ್ಮ ಮೇಲೂ ಅದನ್ನೇ ಮಾಡ್ತಾನೆ ಅಂತ ನಾನು ಅಂದ್ಕೊಳ್ಳಲಿಲ್ಲ."

ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟಳು. ದನಿ ಎತ್ತದೆ ಅಂದಳು: "ನನ್ನ ಗಂಡನ್ನ ನನಗೇ ಕೊಡದೆ ಒಂದು ವರ್ಷ ಇಟ್ಕೊಂಡ್ರಲ್ಲ ಕಂಡಕ್ಟ್ರೇ."

"ತಪ್ಪಾಯ್ತು ಅತ್ತಿಗೆ."

"ಪಕ್ಕಕ್ಕೆ ಸರೀರಿ."

ಅವನು ಸರಿದ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅವಳು ನಡುವಿನ ಕೋಣೆ ದಾಟಿ ಬೆಂಚಿನ ಬಳಿ ಹೋದಳು. ಯಾರೋ ತಲೆಗೂದಲನ್ನು ಹಿಂದಕ್ಕೆ ಬಾಚಿದ್ದರು. ಅಂಗೈ ತೇವ ಮಾಡಿಕೊಂಡು ಬಲಕ್ಕೆ ಬೈತಲೆ ತೆಗೆದಳು. ಬೆಂಚಿನ ತುದಿಯಲ್ಲಿ, ಅವನ ಸೊಂಟಕ್ಕೆ ಒತ್ತಿಕೊಂಡು ಕೂತಳು. ಬಗ್ಗಿ ಕಿವಿಯ ಹತ್ತಿರ ಏನೋ ಹೇಳತೊಡಗಿದಳು. ಡ್ರೈವರನ ಅಕ್ಕ ಕತ್ತು ಚಾಚಿದಳು, ಕೇಳಿಸಲಿಲ್ಲ.

ಹೊರಗೆ ಶವದ ಗಾಡಿ ಬಂದು ನಿಂತಿತು. ಹೊರುವ ನಾಲ್ವರು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದರು.

"ಲೇಟಾಯ್ತು, ಎತ್ತೋಣ್ವಾ?" ಎಂದ ಮುಂದಿನವನು.

ಕಂಡಕ್ಟರ್ ಒಳಕ್ಕೆ ಬೆನ್ನು ಹಾಕಿ, ಎರಡೂ ಕೈ ಚಾಚಿ, ಬಾಗಿಲಿಗೆ ಅಡ್ಡ ನಿಂತುಕೊಂಡ.