ಬಾವಿಗೆ ತರಿಸಿದ ಮಣ್ಣು

ನಡೆಯಬೇಕಂತೆ. ದಿನಾ ಒಂದು ಗಂಟೆ, ಕೈ ಬೀಸಿಕೊಂಡು, ಯಾವ ಕೆಲಸವೂ ಇಲ್ಲದೆ ಸುಮ್ಮನೆ ನಡೆಯಬೇಕಂತೆ. ಚಿನ್ನಮನೂರಿನಲ್ಲಿ ಬಾಳೆ ಎಲೆ ವ್ಯಾಪಾರ ಮಾಡುವವಳಿಗೆ ಇದನ್ನು ಹೇಳಲು ದಿಂಡಿಗಲ್ಲಿನ ಆ ಡಾಕ್ಟರಿಗೆ ಬಾಯಾದರೂ ಹೇಗೆ ಬಂತೋ. ಬೆಳಕು ಹರಿಯುವಾಗಲೇ ಎಲೆಕಟ್ಟುಗಳು ಅಂಗಡಿ ಮುಂದೆ ಬಂದು ಬೀಳುತ್ತವೆ. ಹರಿದದ್ದನ್ನು ಬೇರೆ ಮಾಡಬೇಕು, ನೀರು ಚಿಮುಕಿಸಿ ಮತ್ತೆ ಕಟ್ಟಬೇಕು, ಮದುರೆ ಬಸ್ಸಿನ ತಲೆಗೆ ಏರಿಸಬೇಕು. ಮುಹೂರ್ತದ ದಿನವಾದರೆ ಮದುವೆ ಮನೆಯವರ ಬೈಗುಳ ಬೇರೆ. ಮಧ್ಯಾಹ್ನ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ನನ್ನ ಎರಡೂ ಮೊಣಕಾಲು ಊದಿಕೊಂಡಿರುತ್ತವೆ.

ಮಗಳು ತೇನ್‌ಮೊಳಿ ದಿಂಡಿಗಲ್ಲಿನಲ್ಲಿ ಟೀಚರು. ಹೆಜ್ಜೆ ಎಣಿಸುವ ವಾಚು ತಂದು ನನ್ನ ಕೈಗೆ ಕಟ್ಟಿದಳು. ಸರಿ, ಕಟ್ಟಿದಳಲ್ಲ ಎಂದು ಸಂಜೆ ಹೊತ್ತು ಬೈಪಾಸ್ ರಸ್ತೆಯಲ್ಲಿ ನಡೆದೆ. ನಡೆಯಲು ಬಿಟ್ಟರೆ ತಾನೆ? ಊರೆಲ್ಲ ಗುರುತಿನವರು. ದಾರಿಯಲ್ಲಿ ಬಂದ ಬೈಕೆಲ್ಲ ನನ್ನ ಪಕ್ಕದಲ್ಲಿ ನಿಲ್ಲುತ್ತಿತ್ತು. "ಯಾಕಕ್ಕಾ, ಬಸ್ಸು ಹೋಗ್ಬಿಡ್ತಾ? ಏರ್ಕೋ." ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏರಿಕೊಳ್ಳುತ್ತಿದ್ದೆ.

ಮತ್ತೆ ಡಾಕ್ಟರ ಬಳಿ ಹೋದಾಗ ಅವರು ವಾಚು ನೋಡಿದರು, ಕಾಲು ನೋಡಿದರು. ಮೈಭಾರ ಇಳಿಯದಿದ್ದರೆ ಮೊಣಕಾಲಿಗೆ ಆಪರೇಶನ್ ಎಂದರು. ಆಮೇಲೆ, "ನಿಮಗೆ ನೀರೇ ಒಳ್ಳೆಯದು. ಈಜು ಬರುತ್ತದೆಯೇ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ನಮ್ಮ ತೋಟದ ಬಾವಿಯಲ್ಲಿ ಬೆಳೆದವಳನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

ಆ ಬಾವಿ ನನ್ನ ತವರಿನದು, ಕಂಬಂ ರಸ್ತೆಯಲ್ಲಿ, ಅಣ್ಣ ಗೋವಿಂದನ್‌ನ ತೋಟದಲ್ಲಿ. ನಾಲ್ಕೂ ಕಡೆ ಕಲ್ಲುಕಟ್ಟು, ಗೋಡೆಯಿಂದ ಚಾಚಿದ ಕಲ್ಲಿನ ಮೆಟ್ಟಿಲು. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನೀರು ಕೈಗೆ ಎಟುಕುವಷ್ಟು ಮೇಲೆ ಬರುತ್ತಿತ್ತು. ನನಗೆ ಈಜು ಕಲಿಸಿದ್ದು ಅಪ್ಪ ಅಲ್ಲ, ಅವ್ವ. ತನ್ನ ಚಿನ್ನಾಳಪಟ್ಟಿ ಸೀರೆಯ ಒಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು, ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದಳು. "ಕಾಲು ಒದಿ. ಎದೆ ಮೇಲಕ್ ತಾ. ಬಾಯಿ ಮುಚ್ಚಡೀ, ಬಾವಿ ನೀರೆಲ್ಲ ನೀನೇ ಕುಡೀಬೇಡ." ಶಾಲೆ, ಸಂತೆ, ವ್ಯಾಪಾರ ಎಲ್ಲವನ್ನೂ ನಾನು ತಮಿಳಿನಲ್ಲಿ ಕಲಿತೆ. ಈಜನ್ನು ಮಾತ್ರ ಮನೆಮಾತಿನಲ್ಲಿ ಕಲಿತೆ. ಮುಳುಗು ಹಾಕಿ ಮೇಲೆ ಬಂದಾಗ ಮೊದಲು ಕಿವಿಗೆ ಬೀಳುತ್ತಿದ್ದದ್ದು ಅವ್ವನ ಕನ್ನಡ. 

ಪೊಂಗಲ್ ಮುಗಿದ ವಾರ, ಮಗಳ ಹಳೆಯ ಚೂಡಿದಾರವನ್ನು ಚೀಲದಲ್ಲಿ ಹಾಕಿಕೊಂಡು ತೋಟಕ್ಕೆ ಹೋದೆ. ಅಣ್ಣ ಗೊಬ್ಬರದ ಅಂಗಡಿಗೆ ಹೊರಟು ನಿಂತಿದ್ದ.

"ಬಾವಿಗಾ? ಅದನ್ನ ಮುಚ್ಚಾಕೆ ಮಣ್ಣು ಹೇಳಿವ್ನಿ," ಅಂದ. "ಬೋರು ಐತೆ, ಡ್ರಿಪ್ಪು ಐತೆ. ಅದ್ಯಾಕೆ ಸುಮ್ಮನೆ ಬಾಯಿ ಬಿಟ್ಕೊಂಡು? ಹೋದ ವರ್ಷ ಕರು ಬಿತ್ತು. ತೈ ತಿಂಗಳು ಮುಗೀಲಿ, ಮುಚ್ಚಿ ತೆಂಗು ಇಡ್ತೀನಿ."

"ನನ್ನ ಕಾಲಿಗೆ ಬೇಕು ಅಂತ ಡಾಕ್ಟರೇ ಹೇಳಿದಾರೆ."

"ನಿನ್ ಕಾಲಿಗೆ ನಾನು ಬಾವಿ ಕಾಯ್ಬೇಕಾ? ಮಣ್ಣು ಬರೋವರ್ಗೂ ಈಜ್ಕೋ, ಹೋಗು."

ಚೀಲ ಎತ್ತಿಕೊಂಡು ಮನೆಯ ಕಡೆ ತಿರುಗಿದೆ. ಅತ್ತಿಗೆ ಆಂಡಾಳ್ ನನ್ನ ಗಂಡನ ತಂಗಿಯೂ ಹೌದು. ನಮ್ಮ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ಹೆಣ್ಣು ತಂದಿದ್ದಾರೆ. ಅಲ್ಲಿ ಜಗಳವಾಡಿದರೆ ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿರುತ್ತದೆ.

ಮನೆಯೊಳಗೆ ಅವ್ವ ಮಂಚದ ಮೇಲಿದ್ದಳು. ಮೂಕಮ್ಮಾಳ್ ಎಂದು ಹೆಸರಷ್ಟೇ, ಅವಳನ್ನು ಮಾತಿನಲ್ಲಿ ಗೆದ್ದವರಿಲ್ಲ. ಆರು ತಿಂಗಳ ಹಿಂದೆ, ಆಡಿಯಲ್ಲಿ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ನಡೆಯಲು ಮಾತ್ರ ಒಪ್ಪಲಿಲ್ಲ. ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೆದರಿಸಿದ್ದರು. ಅಣ್ಣ ನಾಲ್ಕು ಕಾಲಿನ ವಾಕರ್ ತಂದ, ಬೈದ, ಕೈಮುಗಿದ. ಒಂದು ದಿನ ಅವಳ ಎದುರೇ ಅತ್ತೂಬಿಟ್ಟ. ಅವ್ವನದು ಒಂದೇ ಮಾತು. "ಎಲ್ಲಿಗೆ ನಡೀಲಿ? ನಡೆಯಾಕೆ ಒಂದು ತಾವು ಬೇಕಲ್ಲ. ಈ ಗೋಡೆಯಿಂದ ಆ ಗೋಡೆಗಾ?" ಬೈಪಾಸ್ ರಸ್ತೆಯಲ್ಲಿ ಬೈಕೇರಿದ ನಾನು ಅವಳಿಗೆ ಏನು ಬುದ್ಧಿ ಹೇಳಲಿ? ವಾಕರಿನ ಮೇಲೆ ಟವೆಲ್ಲು ಒಣಗುತ್ತಿತ್ತು.

ನಾನು ನೀರಿಗೆ ಇಳಿದೆ. ಮೊದಲು ಭಯವಾಯಿತು, ಆಮೇಲೆ ಕೈಕಾಲಿಗೆ ತಾನಾಗಿ ಎಲ್ಲ ನೆನಪಾಯಿತು. ನೀರಿನಲ್ಲಿ ನನಗೆ ಮೊಣಕಾಲೇ ಇರಲಿಲ್ಲ. ತೊಪ್ಪನೆ ಒಂದು ಮುಳುಗು ಹಾಕಿ ಮೇಲೆ ಬಂದರೆ, ಮನೆಯೊಳಗಿನಿಂದ ಅವ್ವನ ಕೂಗು. "ಯಾರಡೀ ಬಾವೀಲಿ? ಆಂಡಾಳೇ, ಯಾರು ಬಿದ್ರು ನೋಡು."

ನಾನು ಎಂದು ತಿಳಿದ ಮೇಲೆ ಇನ್ನೂ ಜಾಸ್ತಿ ಕೂಗಿದಳು. "ಅವ್ಳಿಗೆ ಈಜು ನೆಟ್ಟಗೆ ಬರಾದಿಲ್ಲ. ಸೀರೆ ಕಟ್ಟಿವ್ಳಾ?"

ಮರುದಿನ ನಾನು ಹೋದಾಗ ಅವಳು ಹೊಸ್ತಿಲಿಗೆ ಬಂದು ಕೂತಿದ್ದಳು. ಹೇಗೆ ಬಂದಳು ಎಂದು ಕೇಳಿದರೆ ಅತ್ತಿಗೆ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಕೆಲವು ದಿನ ಕಳೆದು ನೋಡಿದರೆ ವಾಕರ್ ಹಿಡಿದು ಬೇವಿನ ಮರದಡಿ. ಒಂದು ಮಧ್ಯಾಹ್ನ ನಾನು ಮೆಟ್ಟಿಲು ಇಳಿಯುತ್ತಿರುವಾಗ ತಲೆಯ ಮೇಲೆ ಏನೋ ಬಿತ್ತು. ಸೀರೆಯ ತುದಿ.

"ಕಟ್ಕೋ," ಅಂದಳು ಅವ್ವ. ಕಟ್ಟೆಯ ಮೇಲೆ ಕೂತಿದ್ದಳು, ಏದುಸಿರು ಬಿಡುತ್ತಾ.

"ಅವ್ವಾ, ನನಗೆ ಐವತ್ತು ದಾಟಿತು."

"ಅದುಕ್ಕೇ ಹೇಳಾದು. ಭಾರ ಜಾಸ್ತಿ ಆಗಿದ್ದೀಯ. ಕಟ್ಕೋ."

ಕಟ್ಟಿಕೊಂಡೆ. ಆ ಸಣಕಲು ಕೈ ನನ್ನನ್ನು ಎಳೆಯುವುದಿರಲಿ, ತುಂಬಿದ ಬಿಂದಿಗೆಯನ್ನೂ ಎತ್ತಲಾರದು. ಆದರೆ ನಾನು ಸುತ್ತು ಹಾಕುವಾಗ ಸೀರೆ ನನ್ನ ಹಿಂದೆಯೇ ಬರುತ್ತಿತ್ತು, ಅವ್ವನ ಬೈಗುಳವೂ ಬರುತ್ತಿತ್ತು. ಅಂಥ ಸುಖವನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ಅಂದಿನಿಂದ ನನಗೆ ಪುರುಸೊತ್ತಿಲ್ಲ ಎಂಬ ಮಾತೇ ಬರಲಿಲ್ಲ. ಅಂಗಡಿಯ ಕೆಲಸವೇನೂ ಕಡಿಮೆಯಾಗಿರಲಿಲ್ಲ, ಮುಹೂರ್ತದ ಆರ್ಡರು ಇತ್ತು. ಆದರೂ ಅವ್ವ ಕಾಯುತ್ತಾಳೆ ಎಂದು ಓಡಿ ಬರುತ್ತಿದ್ದೆ.

ಅತ್ತಿಗೆ ಅಣ್ಣನಿಗೆ ಹೇಳಿದಳು. ಅವನು ನಂಬಲಿಲ್ಲ. "ಮಣ್ಣು ಬೇಡ ಅನ್ಸಾಕೆ ಮೂವರೂ ಸೇರಿ ನಾಟಕ ಆಡ್ತೀರಾ?" ಎಂದನಂತೆ. ಅವನು ಅಂಗಡಿಯಿಂದ ಬರುವ ಹೊತ್ತಿಗೆ ಅವ್ವ ಮಂಚಕ್ಕೆ ಮರಳಿರುತ್ತಿದ್ದಳು. ಮಗನೆದುರು ನಡೆದರೆ ಸೋತಂತಲ್ಲವೇ?

ತೈ ಮುಗಿದು ಮಾಸಿ ತಿಂಗಳು ಹುಟ್ಟಿತು. ಒಂದು ಮಧ್ಯಾಹ್ನ ನಾನು ಕಡೆಯ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಅವ್ವನಿಗಾಗಿ ಕಾಯುತ್ತಿದ್ದೆ. ಆಗ ಟಿಪ್ಪರಿನ ಸದ್ದು ಕೇಳಿತು.  ಮೆಟ್ಟಿಲು ಹತ್ತಿ ಮೇಲೆ ಬಂದೆ. ಕೆಮ್ಮಣ್ಣು ತುಂಬಿದ ಟಿಪ್ಪರು ತೋಟದೊಳಗೆ ಬಂದಿತ್ತು, ಪಕ್ಕದಲ್ಲಿ ಅಣ್ಣ. ಅವನು ಬಾವಿಯ ಕಡೆ ನೋಡುತ್ತಿರಲಿಲ್ಲ.

ಬದುವಿನ ಮೇಲೆ ಅವ್ವ ಬರುತ್ತಿದ್ದಳು. ಹೆಗಲ ಮೇಲೆ ಮಡಚಿದ ಸೀರೆ. ವಾಕರನ್ನು ಎತ್ತಿ ಮುಂದಿಡುವುದು, ಆಮೇಲೆ ತಾನು ಬರುವುದು. ನೀರಿನ ಕಾಲುವೆಯ ಹತ್ತಿರ ಬದು ಕುಸಿದಿತ್ತು. ವಾಕರಿನ ಕಾಲೊಂದು ಅಲ್ಲಿ ಹೂತು ಅವ್ವ ವಾಲಿದಳು. ಅಣ್ಣ ಓಡಿಹೋಗಿ ಹಿಡಿದುಕೊಂಡ.

"ಕೈ ಬಿಡು," ಅಂದಳು ಅವ್ವ. "ನಿನ್ ತಂಗಿ ನೀರಿಗೆ ಇಳೀಬೇಕು. ಹೊತ್ತಾಯ್ತು."

ಅಣ್ಣ ಕೈ ಬಿಟ್ಟ. ಅವ್ವ ವಾಕರನ್ನು ಕಿತ್ತು ಮುಂದಿಟ್ಟಳು. ಅವನು ಒಂದು ಹೆಜ್ಜೆ ಹಿಂದೆ, ಎರಡೂ ಕೈ ಚಾಚಿಕೊಂಡು, ಮಗು ನಡೆಯುವುದನ್ನು ನೋಡುವ ಹಾಗೆ ಹಿಂಬಾಲಿಸಿದ. ಕಟ್ಟೆಗೆ ಬಂದು ಅವಳು ಕೂತಳು, ಸೀರೆ ಬಿಚ್ಚಿದಳು, ನನ್ನ ಸೊಂಟಕ್ಕೆ ತಾನೇ ಗಂಟು ಹಾಕಿದಳು. ಅಣ್ಣ ಆ ಗಂಟನ್ನೇ ನೋಡುತ್ತಾ ನಿಂತ. ಅದೇ ಗಂಟು ಅವನ ಸೊಂಟದಲ್ಲೂ ಒಂದು ಕಾಲಕ್ಕೆ ಇತ್ತು.

ಟಿಪ್ಪರಿನ ಡ್ರೈವರ್ ಪೆರುಮಾಳ್ ತಲೆ ಹೊರಗೆ ಹಾಕಿದ. ಮಣ್ಣನ್ನು ಎಲ್ಲಿ ಸುರಿಯಬೇಕು, ಬಾವಿಯ ಹತ್ತಿರಕ್ಕೆ ತರಲೇ ಎಂದು ತಮಿಳಿನಲ್ಲಿ ಕೇಳಿದ.

ಅಣ್ಣ ವಾಕರ್ ಹೂತ ಜಾಗವನ್ನು ಒಮ್ಮೆ ನೋಡಿದ. ಮನೆಯ ಹೊಸ್ತಿಲಿನ ಕಡೆ ಕೈ ತೋರಿಸಿ, ಅಲ್ಲಿಂದ ಬಾವಿಯ ಕಟ್ಟೆಯವರೆಗೆ ಬೆರಳೆಳೆದ. ಅಷ್ಟು ದೂರಕ್ಕೂ ಹರಡಿ ಗಟ್ಟಿಮಾಡು, ಎಲ್ಲಿಯೂ ಹಳ್ಳ ಇರಬಾರದು ಎಂದ.

ನಾನು ನೀರಿಗೆ ಇಳಿದು ಅತ್ತೆ.

"ಮೂಗಿಗೆ ನೀರು ಹೋಯ್ತಾ?" ಎಂದು ಅವ್ವ ಮೇಲಿನಿಂದ ಸೀರೆ ಜಗ್ಗಿದಳು. "ನಾನು ಹಿಡ್ಕೊಂಡಿವ್ನಿ. ಕಾಲು ಒದಿ."