ಡೂಮ್ಡ್ ಬ್ಲೌಸ್ ಸೆಂಟರ್

ರಂಗಂಪೇಟೆಯ ಆ ಮನೆಯಲ್ಲಿ ರಸ್ತೆಗೆ ಮುಖ ಮಾಡಿದ್ದು ಒಂದೇ ಕೋಣೆ. ಅಲ್ಲಿ ಇಂಗ್ಲಿಷ್ ಟ್ಯೂಷನ್ ನಡೆಸಬೇಕೆಂದು ಹಿರಿಸೊಸೆ ಮಲ್ಲೇಶ್ವರಿ ಮದುವೆಯಾದಾಗಿನಿಂದ ಆಸೆಪಟ್ಟಿದ್ದಳು. ಅತ್ತೆ ಭೀಮಾಬಾಯಿ ಮಾತ್ರ ಅದನ್ನು ಕಿರಿಸೊಸೆ ಸೌಭಾಗ್ಯಳ ಹೊಲಿಗೆ ಅಂಗಡಿಗೆ ಕೊಟ್ಟುಬಿಟ್ಟಳು. ಮಲ್ಲೇಶ್ವರಿಯ ಹೊಟ್ಟೆಗೆ ಕಿಚ್ಚು ಬಿತ್ತು. ಸುರಪುರದ ಹೈಸ್ಕೂಲಿನಲ್ಲಿ ಪಾಠ ಹೇಳುವವಳಿಗಿಂತ ಹುಕ್ಕು ಹಚ್ಚುವವಳು ಹೆಚ್ಚಾದಳೇ!

ಸಾಲದ್ದಕ್ಕೆ ಸೌಭಾಗ್ಯ ನಗುನಗುತ್ತಾ ಬಂದು, "ಅಕ್ಕಾ, ಬೋರ್ಡಿಗೆ ಒಂದು ಇಂಗ್ಲಿಷ್ ಹೆಸರು ಹೇಳ್ರಿ," ಅಂದಳು.

ಅವತ್ತೇ ಮಲ್ಲೇಶ್ವರಿ ಕ್ಲಾಸಿನಲ್ಲಿ ಒಂದು ಪದ ಬಿಡಿಸಿ ಹೇಳಿ ಬಂದಿದ್ದಳು. ದಡ ಬಿಡುವ ಮೊದಲೇ ಮುಳುಗುವುದು ಖಾತ್ರಿಯಾದ ಹಡಗಿಗೆ, ಹಾಳಾಗುವುದು ಹಣೆಯಲ್ಲಿ ಬರೆದೇ ಶುರುವಾದ ಕೆಲಸಕ್ಕೆ ಅದನ್ನು ಬಳಸಬೇಕು, ಅಂತ. ಪದ ನಾಲಿಗೆಯ ತುದಿಯಲ್ಲೇ ಇತ್ತು.

"ಡೂಮ್ಡ್ ಅಂತ ಇಡು. ಭಾಳ ಸ್ಟೈಲ್ ಆಗ್ತದ."

ಬೋರ್ಡು ಏರಿತು. ಅರ್ಥ ಬಲ್ಲ ಒಬ್ಬಿಬ್ಬರು, ಮೇಡಮ್ಮೇ ಇಟ್ಟ ಹೆಸರೆಂದ ಮೇಲೆ ಯಾವುದೋ ಹೊಸ ಫ್ಯಾಷನ್ ಇರಬೇಕೆಂದು ಸುಮ್ಮನಾದರು. ಅಂಗಡಿ ಮುಳುಗುವ ದಿನಕ್ಕೆ ಮಲ್ಲೇಶ್ವರಿ ಕಾದಳು. ಅದು ಬರಲೇ ಇಲ್ಲ. ಪಂಚಮಿ ಹತ್ತಿರವಾದಂತೆ ದೇವಾಪುರದಿಂದಲೂ ಹೆಂಗಸರು ರವಿಕೆ ಬಟ್ಟೆ ಹಿಡಿದು ಬಂದರು. ಅವರ ಚಪ್ಪಲಿಗಳು ಬಾಗಿಲಲ್ಲಿ ರಾಶಿ ಬಿದ್ದದ್ದು ಕಂಡರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಗಳ ಮುಂದೆ ಭೀಮಾಬಾಯಿ, "ನಮ್ಮ ಸೌಭಾಗ್ಯಾನ ಕೈಗುಣ ನೋಡ್ರಿ," ಎಂದು ಶುರು ಮಾಡಿದಳು. ಮಲ್ಲೇಶ್ವರಿಗೆ ತಡೆಯಲಾಗಲಿಲ್ಲ.

"ಹೊರಗಿನ ಬೋರ್ಡಿನ ಅರ್ಥ ಗೊತ್ತೇನ್ರಿ ನಿಮಗ? ಹಾಳಾಗಿ ಹೋಗೋದು ಅಂತ! ಉಳಿಯೋ ನಸೀಬೇ ಇಲ್ಲದ್ದು ಅಂತ!"

ಭೀಮಾಬಾಯಿ ಎದ್ದು ಬಂದು ಹಿರಿಸೊಸೆಯ ಮುಖ ಎರಡೂ ಕೈಯಿಂದ ಸವರಿ ಲಟಿಕೆ ಮುರಿದಳು.

"ಎಂಥಾ ಶಾಣ್ಯಾಕಿ ನನ್ನ ಸೊಸಿ! ಎರಡು ಕೂಸು ಕೈಬಿಟ್ಟ ಮ್ಯಾಲ ನಿನ್ನ ಗಂಡ ಹುಟ್ಟಿದ. ಇದರ ಮ್ಯಾಲ ಯಾರ ಕಣ್ಣೂ ಬೀಳಬಾರದಂತ ತಿಪ್ಪಿ ಮ್ಯಾಲ ಉರುಳಿಸಿ ತಿಪ್ಪಣ್ಣ ಅಂತ ಹೆಸರಿಟ್ಟೆ. ಅಂವ ಉಳದದ್ದು ಹಂಗ. ಅಂಗಡಿಗೂ ಹಂಗೇ ಇಟ್ಟೀಯಲ್ಲವ್ವಾ, ಅದೂ ಇಂಗ್ಲಿಷಿನಾಗ!"

ಹೆಂಗಸರು ತಲೆದೂಗಿದರು. ಒಬ್ಬಾಕೆ ತನ್ನ ಗಂಡನ ಕಿರಾಣಿ ಅಂಗಡಿಗೂ ಅಂಥದ್ದೇ ಒಂದು ಹೆಸರು ಬೇಕೆಂದಳು. ಮಲ್ಲೇಶ್ವರಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಈ ಹೊಗಳಿಕೆಯನ್ನು ತಡೆದುಕೊಳ್ಳುವುದು ಹೇಗೆ?

ಸೌಭಾಗ್ಯ ಒಬ್ಬಳೇ ತಲೆದೂಗಲಿಲ್ಲ. ಮಶೀನ್ ನಿಲ್ಲಿಸಿ ನೆಗೆಣ್ಣಿಯ ಮುಖವನ್ನೇ ನೋಡುತ್ತಾ ಕೇಳಿದಳು:

"ಈ ಅಂಗಡಿ ಮ್ಯಾಲ ಕೆಟ್ಟ ಕಣ್ಣು ಬೀಳ್ತದಂತ ನಿಮಗ ಮೊದಲೇ ಗೊತ್ತಿತ್ತೇನ್ರಿ, ಅಕ್ಕಾ?"

ಎಲ್ಲರೂ ಉತ್ತರಕ್ಕೆ ಕಾದಿದ್ದರು.

"ಗೊತ್ತಿತ್ತು," ಅಂದಳು ಮಲ್ಲೇಶ್ವರಿ.

ಸೌಭಾಗ್ಯ ತಲೆ ತಗ್ಗಿಸಿ ಮತ್ತೆ ಮಶೀನ್ ತುಳಿಯತೊಡಗಿದಳು. ಆಮೇಲೆ ಅವಳು ಅಕ್ಕನನ್ನು ಏನನ್ನೂ ಕೇಳಲಿಲ್ಲ.