ಪುಕ್ಕಟೆ ಸಿಕ್ಕ ಬಿಳುಪು

ನನ್ನ ಅತ್ತೆ ಎನೇರಿಯಾ ನನಗಿಂತಲೂ ಕಪ್ಪು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ, ಸ್ಯಾನ್ ಪೆದ್ರೊದ ನಮ್ಮ ಬೀದಿಯಲ್ಲಿ ಎಲ್ಲರೂ ಕಪ್ಪೇ. ಆದರೆ ಆ ಮುದುಕಿ ನನ್ನ ಮಗಳ ಮುಖಕ್ಕೆ ಮಾಡಿದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮಗಳು ಯೊಯಾನಿಗೆ ಒಂಬತ್ತು ವರ್ಷ. ಹೋದ ವರ್ಷ ಅವಳ ಬಾಯಿಯ ಸುತ್ತ, ಕಣ್ಣಿನ ಸುತ್ತ ತೊನ್ನು ಕಾಣಿಸಿಕೊಂಡಿತು. ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ರಜೆ ಹಾಕಿ, ವಾರಕ್ಕೆರಡು ಸಲ ಬಸ್ಸು ಹತ್ತಿಸಿ ರಾಜಧಾನಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಡಾಕ್ಟರಮ್ಮ ಬಿಳಿಯಾದ ಜಾಗಕ್ಕೆ ಮಾತ್ರ ಲೇಸರ್ ಬೆಳಕು ಬಿಡುತ್ತಿದ್ದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೊಂದು ದಿನ, ಹಾಲಿನ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ ಹಾಗೆ, ಬಿಳಿಯ ನಡುವೆ ಕಂದು ಚುಕ್ಕಿಗಳು ಮೂಡಿದವು.

"ಬಣ್ಣ ವಾಪಸ್ ಬರ್ತಿದೆ ಕಣಮ್ಮಾ," ಎಂದರು ಡಾಕ್ಟರಮ್ಮ. "ಚರ್ಮದ ಸಣ್ಣ ಕೂದಲ ಬುಡದಿಂದ ಹೀಗೇ ಚಿಗುರೋದು. ಚುಕ್ಕಿ ಹರಡಿ ಕೂಡ್ಕೊಳ್ಳೋ ತನಕ ಮುಖಕ್ಕೆ ಬೇರೇನೂ ಹಚ್ಬೇಡಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಖುಷಿಗೆ ಕಣ್ಣೀರು ಸುರಿಸಿದೆ.

ಅಷ್ಟರಲ್ಲಿ ಆಸ್ಪತ್ರೆಯ ಲೇಸರ್ ಯಂತ್ರ ಕೆಟ್ಟಿತು. ಅದು ರಿಪೇರಿಯಾಗುವವರೆಗೆ, ನಾನು ಕೆಲಸಕ್ಕೆ ಹೋದಾಗಲೆಲ್ಲ ಮಗಳನ್ನು ಅತ್ತೆಯ ಮನೆಯಲ್ಲಿ ಬಿಡುತ್ತಿದ್ದೆ. ದಿನದಿಂದ ದಿನಕ್ಕೆ ಚುಕ್ಕಿಗಳು ಮಂಕಾದವು. ಮೊನ್ನೆ ಸಂಜೆ ಬಂದು ನೋಡುತ್ತೇನೆ, ಒಂದೂ ಇಲ್ಲ! ಬಾಯಿಯ ಸುತ್ತ ಚರ್ಮ ಕೆಂಪಗೆ ಬೆಂದುಹೋಗಿತ್ತು.

"ಏನು ಹಚ್ಚಿದ್ರಿ ಅತ್ತೆ?"

ಬಾಳೆಕಾಯಿ ಕರಿಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಬೆಳ್ಳಗಾಗೋ ಕ್ರೀಮು. ದೇವ್ರು ಪುಕ್ಕಟೆ ಬಿಳಿ ಬಣ್ಣ ಕೊಟ್ಟಿದಾನೆ, ನೀನು ಅದ್ರ ಮೇಲೆ ಕಪ್ಪು ಬಳಿಸೋಕೆ ರಾಜಧಾನಿ ತನಕ ಓಡ್ತೀಯಲ್ಲೇ, ತಲೆ ನೆಟ್ಟಗಿದ್ಯಾ ನಿಂಗೆ? ಉಳಿದಿದ್ದನ್ನೂ ಬೆಳ್ಳಗೆ ಮಾಡಿಸು. ಹುಡ್ಗಿ ಬಾಳು ಬಂಗಾರ ಆಗುತ್ತೆ."

"ನಿಮ್ಮ ಮಗ ಕಪ್ಪು ಅಂತ ನಾನು ಬಿಟ್ಟು ಹೋದ್ನಾ? ನನ್ನ ಮಗಳ ಮುಖ ಏನು ನಿಮ್ಮನೆ ಗೋಡೆನಾ, ಸುಣ್ಣ ಬಳಿಯೋಕೆ?" ಎಂದು ಕಿರುಚಿ ಡಬ್ಬಿಯನ್ನು ಕಿಟಕಿಯಾಚೆ ಎಸೆದೆ.

"ಎಸಿ, ಎಸಿ. ಎತ್ಕೊಳ್ಳೋರು ಬೇಕಾದಷ್ಟು ಜನ ಇದಾರೆ ಬೀದೀಲಿ."

ಅವಳೆಂದದ್ದು ನಿಜವೇ ಆಯಿತು. ಓಡಿಹೋಗಿ ಎತ್ತಿಕೊಂಡು ಬಂದವಳು ಯೊಯಾನಿ.

"ಅಜ್ಜಿನ ಬೈಬೇಡಮ್ಮಾ. ಉರೀತಿತ್ತು, ಆದ್ರೂ ನಾನೇ ಇನ್ನಷ್ಟು ಹಚ್ಚು ಅಂದೆ."

"ಯಾಕೆ ಪುಟ್ಟಾ?"

"ಬೆಳ್ಳಗಿರೋ ಕಡೆ ಮಾತ್ರ ಅಜ್ಜಿ ಮುತ್ತು ಕೊಡೋದು."

ನನಗೆ ಎಲ್ಲಿತ್ತೋ ಸಿಟ್ಟು! ಮಗಳನ್ನು ಎತ್ತಿ, ಅವಳ ಕಪ್ಪು ಹಣೆಯನ್ನು ಅತ್ತೆಯ ಮುಖಕ್ಕೇ ಹಿಡಿದೆ.

"ಕೊಡಿ ಅತ್ತೆ. ಇಲ್ಲಿಗೆ ಕೊಡಿ."

ಅತ್ತೆ ಸೌಟು ಹಿಡಿದುಕೊಂಡು ಒಲೆಯ ಕಡೆ ತಿರುಗಿಬಿಟ್ಟಳು. ಮಗಳು ಇನ್ನೂ ಹಣೆ ಚಾಚಿಕೊಂಡೇ ಇದ್ದಳು.